ಉತ್ತವನಿಗೆ ಹೊಲ, ನೆಟ್ಟವಳಿಗೆ? ದೇವರಾಜ ಅರಸು ಕಾಲದ ಒಂದು ಲೆಕ್ಕ

ಕಳೆದ ವರ್ಷ ಗಣೇಶನ ಹಬ್ಬಕ್ಕೆ ಅಮ್ಮ ಬೆಳ್ತಂಗಡಿ ಕಡೆಯಿಂದ ಪುಣೆಗೆ ಬಂದಿದ್ದರು. ಅತ್ತೆ ನಮ್ಮ ಜೊತೆಯೇ ಇರುವವರು, ಮೂಲ ಕುಮಟಾ. ಇಬ್ಬರೂ ಮೋದಕಕ್ಕೆ ಅಕ್ಕಿಹಿಟ್ಟು ನಾದುತ್ತ ಕೂತಿದ್ದಾಗ ಟೀವಿಯಲ್ಲಿ ಯಾರೋ ರಾಜಕಾರಣಿ ತಮ್ಮನ್ನು ದೇವರಾಜ ಅರಸರಿಗೆ ಹೋಲಿಸಿಕೊಂಡರು. ಅಮ್ಮ, "ಅರಸು ಅಂದ್ರೆ ನಮ್ಮ ಮನೆಗೆ ದೇವರು" ಅಂದರು. ಅತ್ತೆ ತಲೆಯೆತ್ತದೆ, "ನಮ್ಮ ಮನೆಯ ಅನ್ನ ಹೋದದ್ದೂ ಅವರ ಕಾಲದಲ್ಲೇ" ಅಂದರು. ಆಮೇಲೆ ಇಬ್ಬರೂ ಸುಮ್ಮನಾದರು. ಬೀಗಿತ್ತಿಯರ ನಡುವೆ ಇದಕ್ಕಿಂತ ಹೆಚ್ಚು ಮಾತು ಬೆಳೆಯುವುದು ಒಳ್ಳೆಯದಲ್ಲ ಎಂದು ಇಬ್ಬರಿಗೂ ಗೊತ್ತು.

ನನಗೆ ಮಾತ್ರ ಆ ಎರಡು ವಾಕ್ಯಗಳು ತಲೆಯಲ್ಲೇ ಉಳಿದವು. ಒಂದೇ ಕಾಯ್ದೆ, ಒಂದೇ ಕರಾವಳಿ, ಒಬ್ಬನೇ ಮುಖ್ಯಮಂತ್ರಿ. ಒಂದು ಮನೆಗೆ ದೇವರು, ಇನ್ನೊಂದು ಮನೆಗೆ ಅನ್ನ ಕಸಿದವನು. "ಬಡವರ ಬಂಧು" ಎಂಬ ಅರಸರ ಚಿತ್ರಕ್ಕೂ ಅವರ ಎಂಟು ವರ್ಷಗಳ ಆಡಳಿತದ ದಾಖಲೆಗೂ ಎಷ್ಟು ತಾಳೆಯಾಗುತ್ತದೆ ಎಂದು ಓದಲು ಶುರುಮಾಡಿದ್ದು ಹೀಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ತಟಸ್ಥಳಲ್ಲ. ನನ್ನ ಎಂಜಿನಿಯರಿಂಗ್ ಸೀಟು ಸಿಇಟಿಯಲ್ಲಿ 2ಎ ಪ್ರವರ್ಗದಲ್ಲಿ ಬಂದದ್ದು. ಆ ಪಟ್ಟಿಯ ಬೇರು ಅರಸರ ಕಾಲದಲ್ಲೇ ಇದೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು (1915–1982) ಮೈಸೂರು ರಾಜಮನೆತನದ ದೂರದ ನಂಟಿನ ಜಾತಿಯವರು. ಹೆಸರಿನಲ್ಲಿ ಅರಸೊತ್ತಿಗೆ, ಸಂಖ್ಯೆಯಲ್ಲಿ ಏನೇನೂ ಇಲ್ಲ. 1956ರಲ್ಲಿ ರಾಜ್ಯ ಒಂದಾದ ಮೇಲೆ 1971ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಎಲ್ಲರೂ ಲಿಂಗಾಯತರು. ವಿರೋಧದ ಬಲವೂ ಹೆಚ್ಚಾಗಿ ಒಕ್ಕಲಿಗ ಮುಖಂಡರ ಕೈಯಲ್ಲಿತ್ತು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡವರೆಲ್ಲ ನಿಜಲಿಂಗಪ್ಪನವರ ಕಡೆ ನಿಂತರು, ಅರಸು ಇಂದಿರಾ ಗಾಂಧಿಯವರ ಕಡೆ. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ, 1972ರ ವಿಧಾನಸಭೆಯಲ್ಲಿ 216ರಲ್ಲಿ 165 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಬಂತು. ತನ್ನದೆಂಬ ದೊಡ್ಡ ಜಾತಿ ಇಲ್ಲದ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂರಬೇಕಾದರೆ ಸಣ್ಣಪುಟ್ಟ ಜಾತಿಗಳನ್ನೆಲ್ಲ ಒಟ್ಟುಗೂಡಿಸಬೇಕು. ಅರಸರ ಪ್ರಗತಿಪರತೆಯಲ್ಲಿ ಮನಸ್ಸಿನ ಪಾಲೆಷ್ಟು, ಈ ಲೆಕ್ಕಾಚಾರದ ಪಾಲೆಷ್ಟು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅವರನ್ನು ಹತ್ತಿರದಿಂದ ಅಧ್ಯಯನ ಮಾಡಿದ ಜೇಮ್ಸ್ ಮೇನರ್ ಅವರಿಗೆ ಕೊಟ್ಟ ಹೆಸರೇ "ವ್ಯವಹಾರಜ್ಞಾನದ ಪ್ರಗತಿಪರ" ಎಂಬರ್ಥದ್ದು. ನನಗೆ ಈ ಚರ್ಚೆಯೇ ಅಷ್ಟು ಮುಖ್ಯವೆನಿಸುವುದಿಲ್ಲ. ಮನಸ್ಸಿನಲ್ಲಿ ಏನಿತ್ತೋ ಯಾರು ಕಂಡಿದ್ದಾರೆ, ಕಾಗದದ ಮೇಲೆ ಏನಾಯಿತು ನೋಡೋಣ.

ಭೂಸುಧಾರಣೆ ಅರಸರು ಕಂಡುಹಿಡಿದದ್ದಲ್ಲ. 1951ರಲ್ಲೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದರು. ಜತ್ತಿ ಸಮಿತಿಯ ವರದಿಯ ಮೇಲೆ 1961ರಲ್ಲಿ ಕಾಯ್ದೆಯೂ ಆಯಿತು, ಜಾರಿಗೆ ಬಂದದ್ದು 1965ರಲ್ಲಿ. ಆದರೆ ಅದರಲ್ಲಿ ಧನಿಗಳು ಜಮೀನು ವಾಪಸು ಪಡೆಯಲು ಇದ್ದ ದಾರಿಗಳು ಒಕ್ಕಲು ಉಳಿಸಿಕೊಳ್ಳಲು ಇದ್ದ ದಾರಿಗಳಿಗಿಂತ ಹೆಚ್ಚು. ಅರಸು ಸರ್ಕಾರದ ತಿದ್ದುಪಡಿ ಬಂದದ್ದು 1974ರ ಮಾರ್ಚ್ 1ರಂದು. ಆ ದಿನ ಗೇಣಿಯ ಮೇಲಿದ್ದ ಎಲ್ಲ ಜಮೀನೂ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ನಮ್ಮ ಕಡೆ ಇದಕ್ಕೆ ಈಗಲೂ "ಡಿಕ್ಲರೇಶನ್ ಹಾಕಿದ್ದು" ಎನ್ನುತ್ತಾರೆ, ಕಳೆದುಕೊಂಡವರು "ಮಸೂದೆಯಲ್ಲಿ ಹೋಯಿತು" ಎನ್ನುತ್ತಾರೆ. ಕಾಯ್ದೆಯಾಗಿ ಐವತ್ತು ವರ್ಷ ಕಳೆದರೂ ಆ ಮನೆಗಳಲ್ಲಿ ಅದು ಮಸೂದೆಯೇ.

ಅರಸರ ಕಾಯ್ದೆಯ ಜಾಣ್ಮೆ ಇದ್ದದ್ದು ಈ ನ್ಯಾಯಮಂಡಳಿಗಳಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ. ಸರ್ಕಾರ ನೇಮಿಸಿದ ಸದಸ್ಯರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರು ಹಾಜರಾಗುವಂತಿಲ್ಲ. ಕೋರ್ಟಿನಲ್ಲಿ ಮೂವತ್ತು ವರ್ಷ ಎಳೆಯಬಲ್ಲ ಧನಿ, ತಹಸೀಲ್ದಾರರ ಕಚೇರಿಯ ಬೆಂಚಿನಲ್ಲಿ ತನ್ನ ಒಕ್ಕಲಿನ ಪಕ್ಕದಲ್ಲೇ ಕೂತು ಬಾಯಿಮಾತಿನಲ್ಲಿ ಉತ್ತರ ಹೇಳಬೇಕಾಯಿತು. ನಮ್ಮ ಅಜ್ಜ ಜೀವಮಾನದಲ್ಲಿ ಮೊದಲ ಬಾರಿ ಧನಿಗಳೆದುರು ಕುರ್ಚಿಯಲ್ಲಿ ಕೂತದ್ದು ಅಂದೇ ಎಂದು ಅಮ್ಮ ಹೇಳುತ್ತಾರೆ. ಎಂಟು ಲಕ್ಷದಷ್ಟು ಅರ್ಜಿಗಳು ಬಂದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥವಾಗಿ, 20 ಲಕ್ಷ ಎಕರೆಗೂ ಮೇಲೆ ಅವರ ಹೆಸರಿಗೆ ಬಂತು. ಕೇರಳ, ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟ್ ಪಕ್ಷ, ರೈತಸಂಘಟನೆಗಳು ಮಾಡಿದ ಕೆಲಸವನ್ನು ಇಲ್ಲಿ ಒಂದು ಸರ್ಕಾರ ಕಚೇರಿಯ ಮೂಲಕ ಮಾಡಿತು. ಇದನ್ನು ಬರೀ ಜನಪ್ರಿಯತೆಯ ಆಟ ಎಂದು ತಳ್ಳಿಹಾಕುವವರು ದಕ್ಷಿಣ ಕನ್ನಡದ ಯಾವುದಾದರೂ ಒಂದು ಹಳ್ಳಿಗೆ ಹೋಗಿ ಹೆಂಚಿನ ಮನೆಗಳನ್ನು ಎಣಿಸಿ ಬರಬೇಕು.

ಆದರೆ ದಕ್ಷಿಣ ಕನ್ನಡವೇ ಕರ್ನಾಟಕವಲ್ಲ, ಇಲ್ಲೇ ಲೆಕ್ಕ ಜಾರಲು ಶುರುವಾಗುತ್ತದೆ. ಗೇಣಿ ಪದ್ಧತಿ ದಟ್ಟವಾಗಿದ್ದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ. ಕಾಯ್ದೆಯ ಫಲವೂ ಹೆಚ್ಚಾಗಿ ಅಲ್ಲೇ. ಬಯಲುಸೀಮೆಯಲ್ಲಿ ಜಮೀನುದಾರ ಸ್ವಂತ ಸಾಗುವಳಿ ಎಂದು ಬರೆಸಿ ಕೂಲಿಯಾಳು ಇಟ್ಟುಕೊಂಡಿದ್ದ. ಅಲ್ಲಿ ಬೇಕಾಗಿದ್ದದ್ದು ಗೇಣಿ ರದ್ದತಿಯಲ್ಲ, ಭೂಮಿತಿ. ಮಿತಿಯನ್ನೇನೋ ಇಳಿಸಿದರು: ಉತ್ತಮ ನೀರಾವರಿ ಜಮೀನಾದರೆ 10 ಎಕರೆ, ಖುಷ್ಕಿಯಾದರೆ 54 ಎಕರೆಯವರೆಗೆ. ಆದರೆ ಹೆಚ್ಚುವರಿ ಭೂಮಿ ಎಂದು ವಶಪಡಿಸಿಕೊಂಡು ಹಂಚಿದ್ದು, ಗೇಣಿದಾರರಿಗೆ ಸಿಕ್ಕ ಭೂಮಿಯ ಹತ್ತರಲ್ಲೊಂದು ಪಾಲೂ ಅಲ್ಲ. ಕಾಫಿ, ಟೀ, ರಬ್ಬರು, ಏಲಕ್ಕಿ ತೋಟಗಳು ಮಿತಿಯ ಹೊರಗೇ ಉಳಿದವು. ಕೂಲಿ ಮಾಡುವ ದಲಿತನ ಕೈಯಲ್ಲಿ ಗೇಣಿ ಚೀಟಿಯೇ ಇರಲಿಲ್ಲ, ಫಾರಂ 7ರಲ್ಲಿ ಅವನು ಏನು ಬರೆಯಬೇಕು? ನರೇಂದರ್ ಪಾಣಿ ಕರ್ನಾಟಕದ ಭೂಶಾಸನದ ಬಗ್ಗೆ 1983ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಆರೋಪ ಇದೆ: ಬದಲಾವಣೆಯನ್ನು ತಡೆಯಲು ಮಾಡಿದ ಸುಧಾರಣೆ. ಪಶ್ಚಿಮ ಬಂಗಾಳ, ಕರ್ನಾಟಕ, ಉತ್ತರ ಪ್ರದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಅತುಲ್ ಕೊಹ್ಲಿ ಕೂಡ, ಅರಸರ ಹಿಂದೆ ಗಟ್ಟಿ ಪಕ್ಷಸಂಘಟನೆ ಇರಲಿಲ್ಲ, ಹಾಗಾಗಿ ಮಾತು ಹೋದಷ್ಟು ದೂರ ಕೆಲಸ ಹೋಗಲಿಲ್ಲ ಎನ್ನುತ್ತಾರೆ. 1976ರ ಋಣ ಪರಿಹಾರ ಕಾಯ್ದೆ, ಜನತಾ ಮನೆಗಳು, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದರೆ ಅದನ್ನು ಮರಳಿ ಕೊಡಿಸುವ 1978ರ ಕಾಯ್ದೆ, ಇವೆಲ್ಲ ಭೂಮಿಯಿಲ್ಲದವರಿಗಾಗಿ ಬಂದವು, ನಿಜ. ಭೂಮಿ ಮಾತ್ರ ಬರಲಿಲ್ಲ.

ಈ ವಿದ್ವಾಂಸರು ಜಾತಿ ನೋಡಿದ್ದಾರೆ, ವರ್ಗ ನೋಡಿದ್ದಾರೆ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಬರೆಯುವಾಗ ನಾನು ಇನ್ನೊಂದು ಕಾಲಂ ಸೇರಿಸಬೇಕು.

"ಉಳುವವನೇ ಹೊಲದೊಡೆಯ" ಎಂಬ ಘೋಷಣೆಯನ್ನು ಒಮ್ಮೆ ನಿಧಾನವಾಗಿ ಓದಿ. ಗದ್ದೆಯಲ್ಲಿ ಉಳುವುದು ಗಂಡಸಿನ ಕೆಲಸ, ನೇಗಿಲಿಗೆ ಹೆಂಗಸು ಕೈ ಹಾಕಬಾರದು ಎಂಬ ನಂಬಿಕೆಯೇ ಇತ್ತು. ನೇಜಿ ಕೀಳುವುದು, ನೆಡುವುದು, ಕಳೆ ತೆಗೆಯುವುದು, ಕೊಯ್ಯುವುದು, ಭತ್ತ ಬೇಯಿಸಿ ಒಣಗಿಸುವುದು ಎಲ್ಲ ಹೆಂಗಸರದ್ದು. ನಮ್ಮ ಅಜ್ಜಿ ಐವತ್ತು ಮಳೆಗಾಲ ಸೊಂಟ ಬಗ್ಗಿಸಿ ನೆಟ್ಟವರು. ಅರ್ಜಿ ಅಜ್ಜನ ಹೆಸರಲ್ಲಿ, ಹಕ್ಕುಪತ್ರ ಅಜ್ಜನ ಹೆಸರಲ್ಲಿ, ಅಜ್ಜ ಹೋದ ಮೇಲೆ ಮೂವರು ಮಾವಂದಿರ ಹೆಸರಲ್ಲಿ. ಅಮ್ಮ ಮತ್ತು ಚಿಕ್ಕಮ್ಮ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದೊಂದು ಸೀರೆ ಉಡುಗೊರೆ ತೆಗೆದುಕೊಂಡು ಬಂದರು. ಕಾನೂನಿನ ಪ್ರಕಾರ ಅವರಿಗೆ ಪಾಲಿತ್ತು. ಕೇಳಿದ್ದರೆ ತವರಿನ ಬಾಗಿಲು ಮುಚ್ಚುತ್ತಿತ್ತು.

ಇದು ಪದ್ಧತಿಯ ತಪ್ಪು, ಅರಸರದ್ದಲ್ಲ ಎನ್ನಬಹುದು. ಆದರೆ ಕಾಯ್ದೆಯ ಒಳಗೂ ಒಂದು ವಾಕ್ಯ ಇದೆ. ಭೂಮಿತಿಗೆ "ಕುಟುಂಬ" ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ವಯಸ್ಸಿನ ಗಂಡುಮಕ್ಕಳು ಮತ್ತು ಮದುವೆಯಾಗದ ಹೆಣ್ಣುಮಕ್ಕಳು. ಅಂದರೆ ಮಗನಿಗೆ ವಯಸ್ಸು ಬಂದ ಕೂಡಲೇ ಅವನು ಪ್ರತ್ಯೇಕ, ಅವನ ಪಾಲಿಗೆ ಪ್ರತ್ಯೇಕ ಮಿತಿ. ಮಗಳಿಗೆ ನಲವತ್ತಾದರೂ ಮದುವೆಯಾಗಿಲ್ಲದಿದ್ದರೆ ಅವಳು ಅಪ್ಪನ ಲೆಕ್ಕದಲ್ಲೇ. ನಾನು ದಿನವಿಡೀ ಕೋಡ್ ಓದುವವಳು. ಒಂದು ಷರತ್ತಿನಲ್ಲಿ ಇಂಥ ವ್ಯತ್ಯಾಸ ಕಂಡರೆ, ಬರೆದವನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂದು ತಿಳಿಯಲು ಬೇರೇನೂ ಬೇಕಾಗುವುದಿಲ್ಲ.

ಇನ್ನು ಅತ್ತೆಯ ಮಾತು. ಅವರ ತಾಯಿ ಮೂವತ್ತರ ಒಳಗೆ ಗಂಡನನ್ನು ಕಳೆದುಕೊಂಡವರು, ಇಬ್ಬರು ಹೆಣ್ಣುಮಕ್ಕಳು. ಎರಡೂವರೆ ಎಕರೆ ಗದ್ದೆ ಗೇಣಿಗೆ ಕೊಟ್ಟಿದ್ದರು, ವರ್ಷಕ್ಕೆ ಬರುವ ಗೇಣಿ ಅಕ್ಕಿಯೇ ಊಟ. ವಿಧವೆ ತಾನೇ ಉಳಲಾರಳು ಎಂದು 1961ರ ಮೂಲ ಕಾಯ್ದೆ ವಿಧವೆಯರಿಗೆ, ಅಪ್ರಾಪ್ತರಿಗೆ, ಅಂಗವಿಕಲರಿಗೆ ಸ್ವಲ್ಪ ರಿಯಾಯಿತಿ ಇಟ್ಟಿತ್ತು. 1974ರಲ್ಲಿ ಅದು ಹೋಯಿತು, ಗೇಣಿಗೆ ಕೊಡುವ ಅವಕಾಶ ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ ಉಳಿಯಿತು. ಕಾರಣ ಅರ್ಥವಾಗುವಂಥದ್ದೇ, ವಿಧವೆಯರ ಹೆಸರಿನ ಮರೆಯಲ್ಲಿ ದೊಡ್ಡ ಧನಿಗಳು ತೂರಿಕೊಳ್ಳುತ್ತಿದ್ದರು. ಆದರೆ ನೂರಾರು ಎಕರೆಯ ಧನಿಗೂ ಎರಡೂವರೆ ಎಕರೆಯ ವಿಧವೆಗೂ ಒಂದೇ ಕತ್ತರಿ ಬಿತ್ತು. ದೊಡ್ಡ ಧನಿಗೆ ಸಾರಾಯಿ ಗುತ್ತಿಗೆ, ಬಸ್ಸು, ಬೆಂಗಳೂರಿನ ಸೈಟು ಇತ್ತು. ಅತ್ತೆಯ ತಾಯಿಗೆ ಹಪ್ಪಳ ಲಟ್ಟಿಸುವ ಮಣೆ ಇತ್ತು. ಮಸೂದೆಯ ನಂತರ ಮುಂಬಯಿಗೆ, ಪುಣೆಗೆ ಬಂದು ಅಡುಗೆ ಕೆಲಸಕ್ಕೆ, ಹೋಟೆಲಿಗೆ ಸೇರಿದ ಮನೆಗಳು ನಮ್ಮ ಸಂಘದಲ್ಲೇ ಇವೆ. ಅವರ ಕಹಿಯನ್ನು ಜಾತಿಯ ಸೊಕ್ಕು ಎಂದು ಬದಿಗೆ ಸರಿಸುವುದು ಸುಲಭ, ಎಲ್ಲರ ವಿಷಯದಲ್ಲಿ ಅದು ನ್ಯಾಯವಲ್ಲ.

ಹಾಗೆಂದು ಅತ್ತೆಯ ತೀರ್ಪನ್ನೂ ನಾನು ಒಪ್ಪಲಾರೆ. ಆ ಎರಡೂವರೆ ಎಕರೆಯನ್ನು ಉತ್ತವನ ಹೆಂಡತಿಯೂ ಸೊಂಟ ಬಗ್ಗಿಸಿದವಳೇ, ಸುಗ್ಗಿಯ ಮಾರನೇ ದಿನ ಅಕ್ಕಿ ಸಾಲ ಕೇಳಿದವಳೇ.

ಅರಸರ ಇನ್ನೊಂದು ಕೆಲಸದಲ್ಲಿ ದಾಖಲೆಯೇ ಚಿತ್ರಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ. 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು, 1977ರ ಆದಿಯಲ್ಲಿ ಅದು ಸರ್ಕಾರಿ ಆದೇಶವಾಯಿತು. ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟು ಕರ್ನಾಟಕದಲ್ಲಿ ರಾಜಕಾರಣ ಮಾಡುವುದು ಅಂದಿಗೆ ಸಣ್ಣ ಧೈರ್ಯವಲ್ಲ. ಹೆಸರೇ ಕೇಳದ ಸಣ್ಣ ಜಾತಿಗಳಿಗೆ ಸರ್ಕಾರಿ ಕಡತದಲ್ಲಿ ಒಂದು ಸಾಲು ಸಿಕ್ಕಿತು. ಟಿಕೆಟ್ ಹಂಚುವಾಗಲೂ ಅದೇ ನೀತಿ. 1972ರಲ್ಲಿ ಮೊದಲ ಬಾರಿ ಶಾಸಕರಾದ ವೀರಪ್ಪ ಮೊಯಿಲಿ, ಮಲ್ಲಿಕಾರ್ಜುನ ಖರ್ಗೆ ಇಬ್ಬರೂ ಅರಸರ ಸಂಪುಟ ಸೇರಿದರು. ಭೂಮಿ ತಂದೆಯಿಂದ ಮಗನಿಗೆ ಹೋಯಿತು. ಸೀಟು ಹಾಗಲ್ಲ, ಅದು ಅರ್ಜಿ ಹಾಕಿದವರ ಹೆಸರಿಗೇ ಬರುತ್ತದೆ. ನಮ್ಮ ಮನೆಯಲ್ಲಿ ಅರಸು ಕಾಲದ ಕೊಡುಗೆ ಒಬ್ಬ ಹೆಣ್ಣುಮಗಳ ಹೆಸರಿಗೆ ಬಂದದ್ದು ಎರಡು ತಲೆಮಾರಿನ ನಂತರ, ನನ್ನ ಅಡ್ಮಿಷನ್ ಪತ್ರದಲ್ಲಿ. ಅಂದಹಾಗೆ ಕಿಯೋನಿಕ್ಸ್ ಹುಟ್ಟಿದ್ದೂ 1976ರಲ್ಲಿ, ಅರಸರ ಕಾಲದಲ್ಲೇ. ಎಲೆಕ್ಟ್ರಾನಿಕ್ ಸಿಟಿಯ ಬೀಜ ಅಲ್ಲಿದೆ. ಐಟಿಯವರು ಅದನ್ನು ಬಹಳ ತಡವಾಗಿ ಎಲ್ಲೋ ಶುರು ಮಾಡುತ್ತಾರೆ.

ಈಗ ಯಾವ ಭಾಷಣದಲ್ಲೂ ಬರದ ಪುಟ. ತುರ್ತು ಪರಿಸ್ಥಿತಿಯ ಉದ್ದಕ್ಕೂ ಕರ್ನಾಟಕದಲ್ಲಿ ಇದ್ದದ್ದು ಅರಸು ಸರ್ಕಾರ. "ಸಂಸ್ಕಾರ" ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಮೀಸಾ ಕಾಯ್ದೆ, ವಿಚಾರಣೆ ಇಲ್ಲ. ತೀವ್ರ ಉಬ್ಬಸ ಇದ್ದ ಹೆಂಗಸು. 1977ರ ಜನವರಿ 15ರಂದು ಬಿಟ್ಟರು, 20ರಂದು ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಸಿಗಲಿಲ್ಲವೆಂದು ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟದ್ದೂ ಬೆಂಗಳೂರು ಪೊಲೀಸರೇ. ಉತ್ತರದ ರಾಜ್ಯಗಳಷ್ಟು ಅತಿರೇಕ ಇಲ್ಲಿ ಆಗಲಿಲ್ಲ, ಆದೇಶ ದೆಹಲಿಯದು ಎಂದು ಅರಸರ ಪರ ಹೇಳುವವರಿದ್ದಾರೆ. ಅತಿರೇಕ ಕಡಿಮೆ ಇದ್ದದ್ದು ನಿಜವಿರಬಹುದು. ಆದರೆ ಜೈಲು ರಾಜ್ಯ ಸರ್ಕಾರದ್ದು. ದಮ್ಮು ಕಟ್ಟಿದ ಒಬ್ಬ ಕೈದಿಗೆ ಸರಿಯಾದ ಚಿಕಿತ್ಸೆ ಕೊಡಿಸಲು ದೆಹಲಿಯ ಅಪ್ಪಣೆ ಬೇಕಾಗಿರಲಿಲ್ಲ. ಅರಸರನ್ನು ಹೊಗಳಿ ಬರೆದ ಲೇಖನಗಳಲ್ಲಿ ನಾನು ಈ ಹೆಸರನ್ನು ಹುಡುಕುತ್ತೇನೆ. ಹೆಚ್ಚಿನವುಗಳಲ್ಲಿ ಇರುವುದಿಲ್ಲ.

ಭ್ರಷ್ಟಾಚಾರದ ವಿಷಯ ಚಿಕ್ಕದಾಗಿ ಹೇಳಿದರೆ ಸಾಕು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಿಸಿತು. ರಾಜ್ಯದ ಮೇಲೆ ಕೇಂದ್ರ ಹೀಗೆ ವಿಚಾರಣೆ ನಡೆಸಬಹುದೇ ಎಂದು ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಸ್ವಜನಪಕ್ಷಪಾತದ ಕೆಲವು ಆರೋಪಗಳಲ್ಲಿ ಹುರುಳಿದೆ ಎಂದು ಆಯೋಗ ಹೇಳಿತು. ಅಷ್ಟರಲ್ಲಿ 1978ರ ಚುನಾವಣೆ ಬಂತು, ಜನ 224ರಲ್ಲಿ 149 ಸ್ಥಾನ ಕೊಟ್ಟು ಅರಸರನ್ನೇ ಮತ್ತೆ ಕೂರಿಸಿದರು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗೆದ್ದರು. ಮರುವರ್ಷವೇ ಇಬ್ಬರಿಗೂ ಬಿರುಕು, ಅರಸು ಪಕ್ಷದಿಂದ ಹೊರಗೆ.

ನನ್ನನ್ನು ಬಹಳ ಕಾಡಿದ ಅಂಕಿ ಇದರ ನಂತರದ್ದು. ದೇಶವೆಲ್ಲ ಇಂದಿರಾ ವಿರುದ್ಧ ತಿರುಗಿದ 1977ರಲ್ಲೂ ಕರ್ನಾಟಕ ಕಾಂಗ್ರೆಸ್ಸಿಗೆ 28ರಲ್ಲಿ 26 ಲೋಕಸಭಾ ಸ್ಥಾನ ಕೊಟ್ಟಿತ್ತು. ಅದು ಅರಸರ ಕೆಲಸಕ್ಕೆ ಬಂದ ಮತ ಎಂದೇ ಎಲ್ಲರೂ ಅಂದುಕೊಂಡರು, ಅರಸರೂ ಅಂದುಕೊಂಡರು. 1980ರ ಜನವರಿಯಲ್ಲಿ ಅರಸು ಎದುರು ಪಾಳಯದಲ್ಲಿದ್ದಾಗ ಇಂದಿರಾ ಪಕ್ಷ 28ರಲ್ಲಿ 27 ಗೆದ್ದಿತು. ಅರಸು ರಾಜೀನಾಮೆ ಕೊಟ್ಟರು. ಗೇಣಿ ಜಮೀನು ಪಡೆದವರು, ಪಟ್ಟಿಯಲ್ಲಿ ಹೆಸರು ಬಂದವರು, ಜನತಾ ಮನೆಯಲ್ಲಿ ದೀಪ ಹಚ್ಚಿದವರು ಯಾರೂ ಕೈಬಿಡುವುದಿಲ್ಲ ಎಂಬ ನಂಬಿಕೆ ಒಂದೇ ದಿನದಲ್ಲಿ ಕುಸಿಯಿತು. ಅಮ್ಮನನ್ನು ಕೇಳಿದೆ, ಅಜ್ಜ ಆಗ ಯಾರಿಗೆ ವೋಟು ಹಾಕಿದ್ದರು ಎಂದು. "ಇಂದಿರಮ್ಮನಿಗೆ. ಜಾಗ ಕೊಟ್ಟದ್ದು ಇಂದಿರಮ್ಮ ಅಂತಲೇ ಆಗ ಎಲ್ಲರೂ ಹೇಳುತ್ತಿದ್ದದ್ದು" ಅಂದರು. ಅಂದರೆ ಇಂದು ನಮ್ಮ ಮನೆಯಲ್ಲಿ ದೇವರಾಗಿರುವ ಅರಸು, ಬದುಕಿದ್ದಾಗ ದೇವರಾಗಿರಲಿಲ್ಲ. ಅವರ ಜನಪ್ರಿಯ ಚಿತ್ರ ದೊಡ್ಡದಾದದ್ದು ಕುರ್ಚಿ ಹೋದ ಮೇಲೆ, ಬಹುಶಃ 1982ರಲ್ಲಿ ಅವರು ತೀರಿಕೊಂಡ ಮೇಲೆ. ಕೆಲಸ ಮೊದಲು, ಚಿತ್ರ ಆಮೇಲೆ. ಇಂದಿನ ರಾಜಕಾರಣದಲ್ಲಿ ಇದು ತಿರುಗುಮುರುಗಾಗಿದೆ ಎಂದು ಬೇರೆ ಹೇಳಬೇಕಿಲ್ಲ.

ಪುಣೆಯಲ್ಲಿ ಕೂತು ಇದನ್ನೆಲ್ಲ ಓದುವಾಗ ಪಕ್ಕದ ಒಂದು ಹೋಲಿಕೆ ತಪ್ಪದೆ ಬರುತ್ತದೆ. ಅದೇ ಎಪ್ಪತ್ತರ ದಶಕದಲ್ಲಿ, 1972ರ ಬರಗಾಲದ ಹೊತ್ತಿಗೆ, ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತ್ರಿ ಯೋಜನೆ ಬೆಳೆಯಿತು. ಸಾಂಗ್ಲಿ ಜಿಲ್ಲೆಯ ವಿ.ಸ. ಪಾಗೆ ಅದರ ಹಿಂದಿನ ತಲೆ. 1977ರಲ್ಲಿ ಕಾನೂನಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ಅದು ಯಾರಿಗೂ ಒಂದು ಗುಂಟೆ ಭೂಮಿ ಕೊಡಲಿಲ್ಲ. ಬಿಸಿಲಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸ. ಪಾಗೆಯವರ ಹೆಸರು ಇಂದು ಪುಣೆಯ ಎಷ್ಟು ಜನಕ್ಕೆ ಗೊತ್ತೋ. ಆದರೆ ಆ ಮಣ್ಣಿನ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದಿತ್ತು, ಹಾಜರಿ ಪುಸ್ತಕದಲ್ಲಿ ಅವರ ಸ್ವಂತ ಹೆಸರಿತ್ತು, ಕೂಲಿ ಅವರ ಕೈಗೆ ಬರುತ್ತಿತ್ತು. ಕರ್ನಾಟಕ ಆಸ್ತಿ ಕೊಟ್ಟಿತು, ಗಂಡಸಿನ ಹೆಸರಿಗೆ. ಮಹಾರಾಷ್ಟ್ರ ಕೂಲಿ ಕೊಟ್ಟಿತು, ಹೆಂಗಸಿನ ಹೆಸರಿಗೂ. ಯಾವುದು ಹೆಚ್ಚು ಪ್ರಗತಿಪರ ಎಂದು ಕೇಳಿದರೆ ನನ್ನ ಮನಸ್ಸು ಈಗಲೂ ಆಸ್ತಿಯ ಕಡೆಗೇ ವಾಲುತ್ತದೆ, ಏಕೆಂದರೆ ಕೂಲಿ ಅಂದಂದಿಗೆ ಮುಗಿಯುತ್ತದೆ. ಆದರೆ ಎರಡೂ ಒಟ್ಟಿಗೆ ಬಂದಿದ್ದರೆ, ಹಕ್ಕುಪತ್ರದಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಇರಲಿ ಎಂದು ಒಂದೇ ಒಂದು ಸಾಲು ಸೇರಿಸಿದ್ದರೆ? ಅರಸರಿಗೆ ಆಗ ಅದಕ್ಕೆ ಬೇಕಾದ ಬಹುಮತ ಇತ್ತು. ಕೇಳುವ ಹೆಂಗಸರು ಸದನದಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲವೇನೋ.

ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ "ಭೂಮಿ" ತೆರೆದು ಅಜ್ಜನ ಜಮೀನಿನ ಪಹಣಿ ತೋರಿಸಿದೆ. 9ನೇ ಕಾಲಂನಲ್ಲಿ ಮೂವರು ಮಾವಂದಿರ ಹೆಸರು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ನಿನ್ನ ಅಜ್ಜಿಯ ಹೆಸರು ಎಲ್ಲೂ ಇಲ್ವಾ?" ಎಂದರು. ಅಲ್ಲೇ ಇದ್ದ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ತಾಯಿಯ ಗದ್ದೆಯ ಸರ್ವೆ ನಂಬರು ಹೇಳಿದರು. ಐವತ್ತು ವರ್ಷವಾದರೂ ಬಾಯಿಪಾಠ ಇತ್ತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಒತ್ತಿದೆ. ಅಂದಿನ ಒಕ್ಕಲಿನ ಮಕ್ಕಳ ಹೆಸರು ಬಂತು, ನಾಲ್ಕು ಜನ, ನಾಲ್ವರೂ ಗಂಡಸರು. ಅತ್ತೆ ಆ ಹೆಸರುಗಳನ್ನು ಒಂದೊಂದಾಗಿ ಓದಿ, "ಇವನ ಅಕ್ಕ ನನ್ನ ಜೊತೆ ಶಾಲೆಗೆ ಬರ್ತಿದ್ದಳು" ಅಂದರು.